ನಕ್ಷತ್ರ ಗುರುತಿನ ಸ್ವತಂತ್ರ ಪಕ್ಷ ನಮ್ಮಲ್ಲಿ ಯಾಕೆ ಉಳಿಯಲಿಲ್ಲ?

ಜಗಳೂರು ಬಸ್ಸು

ಹೋದ ವಾರ ಊರಲ್ಲಿ ಹಳೇ ಮನೆಯ ಅಟ್ಟ ಖಾಲಿ ಮಾಡಿದೆವು. ಮೂಲೆಯಲ್ಲಿ ಅಜ್ಜನ ಕಬ್ಬಿಣದ ಟ್ರಂಕು ಇತ್ತು. ಬೀಗದ ಕೈ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ, ಚಿಲಕ ಒಡೆದೇ ತೆಗೆದೆವು. ಒಳಗೆ ಪಹಣಿ ನಕಲುಗಳು, ಕಂದಾಯ ಕಟ್ಟಿದ ರಸೀದಿಗಳು, ರೇಡಿಯೋ ಲೈಸೆನ್ಸಿನ ಪುಸ್ತಕ. ಎಲ್ಲಕ್ಕಿಂತ ಕೆಳಗೆ ಕರ್ಚೀಫಿನಲ್ಲಿ ಕಟ್ಟಿಟ್ಟ ಒಂದು ಗಂಟು. ಬಿಚ್ಚಿದರೆ ತಗಡಿನ ಬಿಲ್ಲೆ. ನಾಲ್ಕಾಣೆ ನಾಣ್ಯದಷ್ಟು ಅಗಲ, ಮೇಲೆ ಒಂದು ನಕ್ಷತ್ರ, ಹಿಂದೆ ತುಕ್ಕು ಹಿಡಿದ ಪಿನ್ನು. ಅದರ ಜೊತೆಗೆ ನಾಲ್ಕು ಮಡಿಕೆ ಮಾಡಿದ ಒಂದು ಸಿಮೆಂಟ್ ಪರ್ಮಿಟ್. ಬಾವಿ ಕಟ್ಟೆ ಕುಸಿದಿತ್ತಂತೆ, ಅದಕ್ಕೆ ಆರು ಚೀಲ ಸಿಮೆಂಟ್ ಮಂಜೂರು ಅಂತ ಬರೆದು ಸೀಲು ಹೊಡೆದಿದ್ದಾರೆ.

ಅಪ್ಪನನ್ನು ಕೇಳಿದೆ. ಆ ಆರು ಚೀಲಕ್ಕೆ ಅಜ್ಜ ಕಚೇರಿಗೆ ಎಷ್ಟು ಸಲ ಅಲೆದಿದ್ದರು ಅಂತ ಅವರಿಗೆ ಇನ್ನೂ ನೆನಪಿದೆ. ಪ್ರತಿ ಸಲ ಬುತ್ತಿ ಕಟ್ಟಿಕೊಂಡು ಹೋಗುವುದು, ಸಾಹೇಬರು ಇಲ್ಲ ಅಂತ ವಾಪಸ್ ಬರುವುದು. ಪರ್ಮಿಟ್ ಕೈಗೆ ಬರುವ ಹೊತ್ತಿಗೆ ಮಳೆಗಾಲ ಶುರುವಾಗಿ ಕಟ್ಟೆಯ ಇನ್ನೊಂದು ಬದಿಯೂ ಬಿದ್ದಿತ್ತಂತೆ. 'ಆ ವರ್ಷದಿಂದ ನಿನ್ನಜ್ಜ ನಕ್ಷತ್ರಕ್ಕೆ ಓಟು ಹಾಕಲು ಶುರು ಮಾಡಿದರು' ಅಂದರು ಅಪ್ಪ.

ನಮ್ಮ ಕಡೆ ಸ್ವತಂತ್ರ ಪಕ್ಷ ಅಂದರೆ ಜೆ. ಮೊಹಮ್ಮದ್ ಇಮಾಂ ಅವರ ಹೆಸರೇ ಮೊದಲು ಬರುವುದು. ಅವರು ಜಗಳೂರಿನವರೇ. 1967ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಇದೇ ಪಕ್ಷದಿಂದ ಗೆದ್ದರು. ಆಗ ಮುಖ್ಯಮಂತ್ರಿ ಆಗಿದ್ದವರು ಅದೇ ಜಿಲ್ಲೆಯ ನಿಜಲಿಂಗಪ್ಪನವರು ಅನ್ನುವುದನ್ನು ನೆನಪಿಡಿ. ಮುಖ್ಯಮಂತ್ರಿಯ ಸ್ವಂತ ಜಿಲ್ಲೆಯಲ್ಲಿ ಕಾಂಗ್ರೆಸ್ಸನ್ನು ಸೋಲಿಸಿದ ಪಕ್ಷ ಐದೇ ವರ್ಷದಲ್ಲಿ ರಾಜ್ಯದಿಂದ ಅಳಿಸಿಹೋಯಿತು. ಇವತ್ತು ನಮ್ಮೂರಲ್ಲಿ ಆ ಬಿಲ್ಲೆ ತೋರಿಸಿದರೆ ಶಾಲೆಯ ಬ್ಯಾಡ್ಜಾ ಅಂತ ಕೇಳುತ್ತಾರೆ.

ಯಾಕೆ ಹೀಗಾಯಿತು? ಸುಮ್ನೆ 'ಇಂದಿರಾ ಅಲೆ' ಅಂತ ಹೇಳಿ ಮುಗಿಸಬೇಡಿ. ಅಲೆಯಲ್ಲಿ ಜನಸಂಘವೂ ಮುಳುಗಿತ್ತು, ಆಮೇಲೆ ಎದ್ದಿತಲ್ಲ. ತಿಳಿದವರು, ಮನೆಯಲ್ಲಿ ಹಿರಿಯರ ಬಾಯಲ್ಲಿ ಕೇಳಿದವರು ದಯವಿಟ್ಟು ಬರೆಯಿರಿ.

ಲೆಕ್ಕದ ಮೇಷ್ಟ್ರು

ಒಳ್ಳೆಯ ವಿಷಯ ಎತ್ತಿದ್ದೀರಿ. ನನಗೆ ಈ ಪಕ್ಷದ ಮೇಲೆ ಹಳೇ ಅಭಿಮಾನ, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಮೂಲ ಇರುವುದು 1959ರ ಜನವರಿಯ ನಾಗಪುರ ಕಾಂಗ್ರೆಸ್ ಅಧಿವೇಶನದಲ್ಲಿ. ಹೊಲಗಳನ್ನು ಒಟ್ಟುಗೂಡಿಸಿ ಸಹಕಾರಿ ಬೇಸಾಯ ಮಾಡಬೇಕು ಅಂತ ಅಲ್ಲಿ ನಿರ್ಣಯ ಆಯಿತು. ಆಂಧ್ರದ ರೈತ ನಾಯಕ ಎನ್.ಜಿ. ರಂಗಾ ಅದನ್ನು ವಿರೋಧಿಸಿ ಕಾಂಗ್ರೆಸ್ ಬಿಟ್ಟರು. ರಾಜಾಜಿ (ಸಿ. ರಾಜಗೋಪಾಲಾಚಾರಿ) ಆಗಲೇ ನೆಹರೂ ಆರ್ಥಿಕ ನೀತಿಯ ಮೇಲೆ ವಾರವಾರವೂ ಬರೆಯುತ್ತಿದ್ದರು. ಜೂನ್ ತಿಂಗಳಲ್ಲಿ ಮದ್ರಾಸಿನಲ್ಲಿ ಹೊಸ ಪಕ್ಷದ ಘೋಷಣೆ ಆಯಿತು. ರಂಗಾ ಅಧ್ಯಕ್ಷರು, ಮಿನೂ ಮಸಾನಿ ಪ್ರಧಾನ ಕಾರ್ಯದರ್ಶಿ. ರಾಜಾಜಿಯವರಿಗೆ ಆಗ 80 ವರ್ಷ. ಆ ವಯಸ್ಸಿನಲ್ಲಿ, ಜೀವಮಾನವೆಲ್ಲ ಇದ್ದ ಪಕ್ಷದ ವಿರುದ್ಧ ಹೊಸ ಪಕ್ಷ ಕಟ್ಟುವುದು ಸಾಮಾನ್ಯ ಮಾತಲ್ಲ. ಅವರು ನಮಗೆ ದೂರದವರೂ ಅಲ್ಲ. ಹುಟ್ಟಿದ್ದು ಹೊಸೂರಿನ ಹತ್ತಿರದ ತೊರಪ್ಪಳ್ಳಿ, ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜು.

ಅವರು ಹೇಳಿದ್ದು ಇಷ್ಟೇ: ಹೊಲ ರೈತನದ್ದು, ಅಂಗಡಿ ಅಂಗಡಿಯವನದ್ದು, ಸರ್ಕಾರ ತನ್ನ ಕೆಲಸ ನೋಡಿಕೊಳ್ಳಲಿ. 'ಲೈಸೆನ್ಸ್ ಪರ್ಮಿಟ್ ಕೋಟಾ ರಾಜ್ಯ' ಅನ್ನುವ ಮಾತು ಅವರಿಂದಲೇ ಬಳಕೆಗೆ ಬಂದದ್ದು. ನಿಮ್ಮಜ್ಜನ ಸಿಮೆಂಟ್ ಪರ್ಮಿಟ್ ಅದೇ ರಾಜ್ಯದ ಕಾಗದ.

ಈಗ ಅಂಕಿ. ಲೋಕಸಭೆಯಲ್ಲಿ 1962ರಲ್ಲಿ 18, 1967ರಲ್ಲಿ 44, 1971ರಲ್ಲಿ 8. ಆ 44ರಲ್ಲಿ 5 ನಮ್ಮ ಮೈಸೂರು ರಾಜ್ಯದ್ದು: ಚಿತ್ರದುರ್ಗ, ಹಾಸನ, ಉಡುಪಿ, ಬಿಜಾಪುರ, ರಾಯಚೂರು. ವಿಧಾನಸಭೆಯಲ್ಲಿ 1962ರಲ್ಲಿ 9, 1967ರಲ್ಲಿ 16. ಅದೇ 1967ರಲ್ಲಿ ಜನಸಂಘಕ್ಕೆ ನಮ್ಮಲ್ಲಿ ಬಂದದ್ದು 4. 1971ರ ಲೋಕಸಭೆಯಲ್ಲಿ ರಾಜ್ಯದ 27ಕ್ಕೆ 27ನ್ನೂ ಇಂದಿರಾ ಕಾಂಗ್ರೆಸ್ ಬಾಚಿಕೊಂಡಿತು. 1972ರ ವಿಧಾನಸಭೆಯಲ್ಲಿ ಸ್ವತಂತ್ರ ಪಕ್ಷಕ್ಕೆ ಒಂದು ಸೀಟೂ ಇಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಪಕ್ಷದ ಮೂಲ ತತ್ವಗಳನ್ನು ಬಿಟ್ಟರೆ ಉಳಿದ ವಿಷಯಗಳಲ್ಲಿ ಸದಸ್ಯರು ತಮಗೆ ಸರಿ ಕಂಡಂತೆ ಮತ ಹಾಕಬಹುದು ಅಂತ ನಿಯಮ ಇತ್ತು. ಇವತ್ತು ಯಾವ ಪಕ್ಷದಲ್ಲಿ ಇದನ್ನು ಊಹಿಸಲು ಆಗುತ್ತದೆ ಹೇಳಿ?

ಸಕಲೇಶಪುರದ ಮಳೆ

ಹಾಸನದಲ್ಲಿ 1967ರಲ್ಲಿ ಗೆದ್ದವರು ಎನ್. ಶಿವಪ್ಪ. ನಮ್ಮ ತಾತ ಆ ಚುನಾವಣೆಯಲ್ಲಿ ಬೂತಿನ ಮುಂದೆ ಚೀಟಿ ಬರೆದು ಕೊಡುತ್ತಿದ್ದರು.

ನಮ್ಮ ಕಡೆಯವರಿಗೆ ಈ ಪಕ್ಷದ ಮಾತು ಯಾಕೆ ನಾಟಿತು ಅಂದರೆ ಕಾಫಿ ಪೂಲ್. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ಯುದ್ಧದ ಕಾಲದಲ್ಲಿ, 1940ರ ದಶಕದಲ್ಲಿ, ಕಾಫಿಗೆ ಬೆಲೆ ಇಲ್ಲದಾಗ ಬೆಳೆಗಾರರನ್ನು ಉಳಿಸಲು ತಂದ ವ್ಯವಸ್ಥೆ ಅದು. ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೇ ಹಾಕಬೇಕು. ಮನೆ ಖರ್ಚಿಗೆ, ಬಿತ್ತನೆಗೆ ಅಂತ ಒಂದಿಷ್ಟು ಇಟ್ಟುಕೊಳ್ಳಬಹುದು, ಅಷ್ಟೇ. ಆಗ ಅದರಿಂದ ಉಪಕಾರವೇ ಆಯಿತು, ಇಲ್ಲ ಅನ್ನುವುದಿಲ್ಲ. ಆದರೆ ಯುದ್ಧ ಮುಗಿದು 50 ವರ್ಷ ಆದರೂ ಅದು ಮುಗಿಯಲಿಲ್ಲ. ಪೂರ್ತಿ ತೆಗೆದದ್ದು 1996ರಲ್ಲಿ.

ತಾತ ಹೇಳುತ್ತಿದ್ದುದು ಹೀಗೆ. ಹಣ್ಣು ಕುಯ್ದು, ಕಣದಲ್ಲಿ ಹರಡಿ, ಕಾಲಲ್ಲಿ ಗೆರೆ ಎಳೆದು ಎಳೆದು ಒಣಗಿಸುವುದು. ಸಂಜೆ ಇಬ್ಬನಿಗೆ ಮುಂಚೆ ಗುಡ್ಡೆ ಮಾಡಿ ಮುಚ್ಚುವುದು. ಚೆರ್ರಿ ಗಲಗಲ ಅನ್ನುವವರೆಗೂ ಅದೇ ಕೆಲಸ. ಮೂಟೆ ಹೊಲಿದು ಲಾರಿಗೆ ಹಾಕಿ ಕ್ಯೂರಿಂಗಿಗೆ ಕಳಿಸಿದರೆ ಅಲ್ಲಿಗೆ ನಮ್ಮ ಮಾತು ಮುಗಿಯಿತು. ಏನು ಬೆಲೆಗೆ ಮಾರಿತು, ಯಾವಾಗ ಮಾರಿತು ಅಂತ ಕೇಳುವ ಹಾಗಿಲ್ಲ. ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಈ ವರ್ಷದ ಕೊನೆ ಕಂತು ಬರುವ ಹೊತ್ತಿಗೆ ಮುಂದಿನ ವರ್ಷದ ಕಾಫಿ ಕಣದಲ್ಲಿ ಇರುತ್ತಿತ್ತು. ಕೂಲಿಯವರಿಗೆ ಕೊಡಲು, ಮಕ್ಕಳ ಫೀಸು ಕಟ್ಟಲು ಸಾಹುಕಾರರ ಹತ್ತಿರ ಸಾಲ.

'ನಾನು ಬೆಳೆದದ್ದನ್ನು ನಾನು ಮಾರಬಾರದಾ?' ಅನ್ನುವುದೇ ತಾತನ ರಾಜಕೀಯ. ಅವರು ರಾಜಾಜಿ ಬರೆದದ್ದನ್ನು ಓದಿದವರಲ್ಲ. ಯಾರೋ ಬಂದು ಭಾಷಣದಲ್ಲಿ ಇದೇ ಮಾತು ಆಡಿದಾಗ ತಮ್ಮದೇ ಮಾತು ಅನ್ನಿಸಿತು.

1996ರಲ್ಲಿ ಪೂಲ್ ಹೋದಾಗ ಅವರಿನ್ನೂ ಬದುಕಿದ್ದರು. ಆ ವರ್ಷ ವ್ಯಾಪಾರಿ ಮನೆ ಬಾಗಿಲಿಗೇ ಬಂದು ಕಾಫಿ ತೂಗಿ ದುಡ್ಡು ಎಣಿಸಿಕೊಟ್ಟ. ತಾತ ಆ ನೋಟುಗಳನ್ನು ದೇವರ ಮುಂದೆ ಇಟ್ಟು ಸುಮಾರು ಹೊತ್ತು ಅಲ್ಲೇ ಕೂತಿದ್ದರು. ಅದು ನನ್ನ ಕಣ್ಣಾರೆ ಕಂಡದ್ದು.

ಪಿಯುಸಿ ಎರಡನೇ ಸಲ

ನಾನು ಚಿಕ್ಕವನು, ಗೊತ್ತಿಲ್ಲದೆ ಕೇಳುತ್ತಿದ್ದೇನೆ. ಬಲಪಂಥ ಅಂದರೆ ಜನಸಂಘ, ಬಿಜೆಪಿ ಅಲ್ವಾ? ಇವರು ಬೇರೆಯಾ?

ಲೆಕ್ಕದ ಮೇಷ್ಟ್ರು

ಕೇಳಿದ್ದು ಒಳ್ಳೆಯದಾಯಿತು ತಮ್ಮಾ. ಬೇರೆಯೇ. ಆಸ್ತಿ, ವ್ಯಾಪಾರ, ಸಣ್ಣ ಸರ್ಕಾರ, ಹಳೆಯ ನಡವಳಿಕೆಗೆ ಗೌರವ, ಇದು ಇವರ ಸಂಪ್ರದಾಯವಾದ. ಧರ್ಮದ ಹೆಸರಲ್ಲಿ ಇವರು ಓಟು ಕೇಳಲಿಲ್ಲ. ಚಿತ್ರದುರ್ಗದಲ್ಲಿ ಗೆದ್ದದ್ದು ಮೊಹಮ್ಮದ್ ಇಮಾಂ, ಉಡುಪಿಯಲ್ಲಿ ಗೆದ್ದದ್ದು ಐಸಿಎಸ್ ಅಧಿಕಾರಿ ಆಗಿದ್ದ ಜೆ.ಎಂ. ಲೋಬೋ ಪ್ರಭು. ಒಬ್ಬರು ಮುಸ್ಲಿಂ, ಒಬ್ಬರು ಕ್ರೈಸ್ತರು. ಹಿಂದಿ ವಿಷಯದಲ್ಲಿ ರಾಜಾಜಿ ಜನಸಂಘಕ್ಕೆ ಪೂರಾ ಎದುರು. ಹಿಂದಿ ಹೇರಿಕೆ ಬೇಡ, ಇಂಗ್ಲಿಷ್ ಇರಲಿ ಅಂತ ವಾದಿಸಿದವರು. ಮದ್ರಾಸಿನಲ್ಲಿ 1967ರಲ್ಲಿ ಅವರು ಕೈ ಜೋಡಿಸಿದ್ದು ಡಿಎಂಕೆ ಜೊತೆ.

ಒಂದು ಸೋಜಿಗ ನೋಡು. ಇದೇ ಇಮಾಂ ಅವರು 1957ರಲ್ಲಿ ಇದೇ ಚಿತ್ರದುರ್ಗದಿಂದ ಗೆದ್ದದ್ದು ಪ್ರಜಾ ಸೋಷಲಿಸ್ಟ್ ಪಕ್ಷದಿಂದ. ಹತ್ತು ವರ್ಷದ ಮೇಲೆ ಸಮಾಜವಾದವನ್ನೇ ವಿರೋಧಿಸುವ ಪಕ್ಷದಿಂದ. ನಮ್ಮ ಜನ ಓಟು ಹಾಕಿದ್ದು ಪಕ್ಷಕ್ಕೋ ಮನುಷ್ಯನಿಗೋ ಅನ್ನುವ ಪ್ರಶ್ನೆ ಇಲ್ಲೇ ಏಳುತ್ತದೆ. ಪಕ್ಷಕ್ಕೆ ಬೇರು ಇಳಿಯಲಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಕರಾವಳಿ ಅಕ್ಕ

ಎಲ್ಲರದ್ದೂ ಓದಿದೆ. ಕಾಫಿ ತಾತನ ಕತೆ ಓದಿ ಕಣ್ಣು ತುಂಬಿ ಬಂತು, ಸುಳ್ಳಲ್ಲ. ಆದರೆ ನನ್ನ ಮನೆಯ ಕತೆಯನ್ನೂ ಕೇಳಿ ಮಾರಾಯ್ರೆ.

ನಮ್ಮದು ಉಡುಪಿ ಕಡೆ. ಅಜ್ಜ ಚಾಲಗೇಣಿ ಒಕ್ಕಲು. ಗದ್ದೆ ಉತ್ತು, ನೆಟ್ಟು, ಕೊಯ್ದು, ಅಕ್ಕಿ ಮಾಡಿ, ಬೈಹುಲ್ಲಿನಲ್ಲಿ ಮುಡಿ ಕಟ್ಟಿ ಧಣಿಗಳ ಮನೆಗೆ ಹೊತ್ತು ಹಾಕಬೇಕು. ಮುಡಿ ಕಟ್ಟುವುದು ಸುಲಭದ ಕೆಲಸ ಅಲ್ಲ. ಹುಲ್ಲು ಹಾಸಿ, ಅಕ್ಕಿ ಸುರಿದು, ಸುತ್ತ ಹಗ್ಗ ಬಿಗಿದು, ಮರದ ಕೊಡತಿಯಲ್ಲಿ ಬಡಿದು ಬಡಿದು ಗುಂಡಗೆ ಮಾಡಬೇಕು. ಒಂದು ಕಾಳು ಹೊರಗೆ ಬರಬಾರದು. ಅಜ್ಜ ಕಟ್ಟಿದ ಮುಡಿ ಊರಲ್ಲೇ ಚಂದ ಅಂತ ಹೆಸರಾಗಿತ್ತಂತೆ. ಅಷ್ಟು ಚಂದದ ಮುಡಿಗಳು ಅಂಗಳದಿಂದ ಹೋದ ಮೇಲೆ ಆಟಿ ತಿಂಗಳಲ್ಲಿ ಮನೆಯಲ್ಲಿ ಹಲಸಿನ ಬೀಜ ಬೇಯಿಸಿ ತಿನ್ನುತ್ತಿದ್ದರು. ಗೇಣಿ ಬಾಕಿ ಆದರೆ ಒಕ್ಕಲು ಎಬ್ಬಿಸುತ್ತಾರೆ ಅನ್ನುವ ಹೆದರಿಕೆ ವರ್ಷವಿಡೀ.

ನೀವು ಹೇಳುವ 'ಹೊಲ ರೈತನದ್ದು' ಅನ್ನುವ ಮಾತಿನಲ್ಲಿ ರೈತ ಅಂದರೆ ಯಾರು? ಪಹಣಿಯಲ್ಲಿ ಹೆಸರಿರುವವರು. ನಮ್ಮ ಅಜ್ಜನ ಹೆಸರು ಒಡೆತನದ ಕಾಲಂನಲ್ಲಿ ಇರಲೇ ಇಲ್ಲ. ಆಸ್ತಿ ಹಕ್ಕನ್ನು ಕಾಪಾಡುತ್ತೇವೆ ಅಂದರೆ ಅವರಿಗೆ ಕೇಳಿಸುತ್ತಿದ್ದುದು, ಈಗ ಇರುವ ಹಾಗೇ ಇರುತ್ತದೆ ಅಂತ.

1974ರ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿ ಪದ್ಧತಿಯೇ ರದ್ದು. ಉಳುವ ಗದ್ದೆ ಒಕ್ಕಲಿನ ಹೆಸರಿಗೆ ಆಗಬೇಕಾದರೆ ಫಾರಂ ನಂಬರ್ 7 ತುಂಬಿ ಕೊಡಬೇಕು. ಅಜ್ಜನಿಗೆ ಓದು ಬರಹ ಇಲ್ಲ, ಶಾಲೆಗೆ ಹೋಗುತ್ತಿದ್ದ ನನ್ನ ಅಮ್ಮನೇ ತುಂಬಿದ್ದು. ಧಣಿಗಳ ಮನೆಯ ಉಪ್ಪು ತಿಂದು ಅರ್ಜಿ ಹಾಕುವುದಾ ಅಂತ ಅಜ್ಜ ಮೂರು ದಿನ ಊಟ ಬಿಟ್ಟಿದ್ದರಂತೆ. ಭೂ ನ್ಯಾಯಮಂಡಳಿಯ ಮುಂದೆ ವಕೀಲರಿಗೆ ಜಾಗ ಇರಲಿಲ್ಲ. ಅದೊಂದೇ ಧೈರ್ಯ. ಅವರೂ ಬಾಯಲ್ಲಿ ಹೇಳಬೇಕು, ಇವರೂ ಬಾಯಲ್ಲಿ ಹೇಳಬೇಕು. ಯಾವ ಗದ್ದೆಗೆ ಯಾವ ಕಡೆಯಿಂದ ನೀರು ಬರುತ್ತದೆ ಅಂತ ಕೇಳಿದಾಗ ಅಜ್ಜ ಗಟ್ಟಿಯಾಗಿ ಹೇಳಿದರು, ಧಣಿಗಳಿಗೆ ಹೇಳಲು ಬರಲಿಲ್ಲ.

ಆ ಗದ್ದೆ ಇವತ್ತಿಗೂ ನಮ್ಮ ಹತ್ತಿರ ಇದೆ. ನಾನು ಓದಿದ್ದು, ಕೆಲಸಕ್ಕೆ ಸೇರಿದ್ದು ಎಲ್ಲ ಅದರಿಂದಲೇ. ಉಡುಪಿಯಲ್ಲಿ ನಕ್ಷತ್ರ ಯಾಕೆ ಮುಳುಗಿತು ಅಂತ ಕೇಳಿದರೆ ನನ್ನ ಉತ್ತರ ಇದು. ಉಳುವವನಿಗೆ ಕೊಡಲು ಅವರ ಹತ್ತಿರ ಏನೂ ಇರಲಿಲ್ಲ.

ಜಗಳೂರು ಬಸ್ಸು

ಅಕ್ಕ, ನಿಮ್ಮ ಬರಹ ಓದಿ ಎರಡು ದಿನ ಏನೂ ಬರೆಯಲು ಆಗಲಿಲ್ಲ. ನಮ್ಮ ಅಜ್ಜನ ಹೆಸರು ಪಹಣಿಯಲ್ಲಿ ಇತ್ತು. ಹೊಲದಲ್ಲಿ ದುಡಿಯುತ್ತಿದ್ದವರ ಹೆಸರು ಇರಲಿಲ್ಲ. ಇದನ್ನು ನಾನು ಯಾವತ್ತೂ ಹಾಗೆ ನೋಡಿರಲಿಲ್ಲ.

ನೀವು ಹೇಳಿದ್ದನ್ನು ಒಪ್ಪುತ್ತೇನೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. 16 ಶಾಸಕರು, 5 ಸಂಸದರು ಬಂದಷ್ಟು ಜನ ಆ ಪಕ್ಷಕ್ಕೆ ಓಟು ಹಾಕಿದ್ದರಲ್ಲ. ಅವರ ಆಲೋಚನೆ ಒಂದೇ ರಾತ್ರಿಗೆ ಬದಲಾಗಿರಲು ಸಾಧ್ಯವಿಲ್ಲ. ತಪ್ಪೋ ಸರಿಯೋ, ಅಷ್ಟು ಜನರ ಮಾತಿಗೆ ಸಣ್ಣದೊಂದು ಜಾಗವಾದರೂ ಉಳಿಯಬೇಕಿತ್ತು ಅಲ್ವಾ? ದೊಡ್ಡದಾಗಿ ಬೆಳೆಯದಿದ್ದರೆ ಬೇಡ, ಸಣ್ಣದಾಗಿಯೇ ಇರಲು ಯಾಕೆ ಆಗಲಿಲ್ಲ?

ಕ್ವೀನ್ಸ್ ಕನ್ನಡಿಗ

'ಸಣ್ಣದಾಗಿಯೇ ಇರಲು ಯಾಕೆ ಆಗಲಿಲ್ಲ' ಅಂತ ಕೇಳಿದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ದಾವಣಗೆರೆಯವನು, ನ್ಯೂಯಾರ್ಕಿನಲ್ಲಿ ಇದ್ದೇನೆ. ಇಲ್ಲಿನ ಪೌರತ್ವ ಸಿಕ್ಕ ಮೇಲೆ 2022ರಲ್ಲಿ ಮೊದಲ ಸಲ ಗವರ್ನರ್ ಚುನಾವಣೆಗೆ ಓಟು ಹಾಕಲು ಹೋದೆ. ಮತಪತ್ರ ದೊಡ್ಡ ಹಾಳೆ, ಪೆನ್ನಿನಲ್ಲಿ ಸಣ್ಣ ಮೊಟ್ಟೆ ಆಕಾರದ ಗುರುತನ್ನು ತುಂಬಬೇಕು. ನೋಡಿದರೆ ಒಂದೇ ಹೆಸರು ಎರಡೆರಡು ಕಡೆ ಇದೆ! ಲೀ ಝೆಲ್ಡಿನ್ ಹೆಸರು ರಿಪಬ್ಲಿಕನ್ ಸಾಲಿನಲ್ಲೂ ಇದೆ, ಕನ್ಸರ್ವೇಟಿವ್ ಸಾಲಿನಲ್ಲೂ ಇದೆ. ಕ್ಯಾಥಿ ಹೋಕಲ್ ಹೆಸರು ಡೆಮಾಕ್ರಟಿಕ್ ಸಾಲಿನಲ್ಲೂ ಇದೆ, ವರ್ಕಿಂಗ್ ಫ್ಯಾಮಿಲೀಸ್ ಸಾಲಿನಲ್ಲೂ ಇದೆ. ಅಚ್ಚಿನ ತಪ್ಪು ಅಂತ ತಿಳಿದು ಅಲ್ಲಿದ್ದ ಸಿಬ್ಬಂದಿಯನ್ನು ಕೇಳಿದೆ. ಆ ಹೆಂಗಸು ತಾಳ್ಮೆಯಿಂದ ವಿವರಿಸಿದರು. ಒಬ್ಬ ಅಭ್ಯರ್ಥಿಯನ್ನು ಎರಡು ಪಕ್ಷ ನಿಲ್ಲಿಸಬಹುದು, ಯಾವ ಸಾಲಿನಲ್ಲಿ ಗುರುತು ಮಾಡಿದರೂ ಓಟು ಅವರಿಗೇ. ಎರಡೂ ಸಾಲಿನ ಮತ ಬೇರೆ ಬೇರೆ ಎಣಿಸಿ ಆಮೇಲೆ ಕೂಡಿಸುತ್ತಾರೆ.

ಆವತ್ತು ಮನೆಗೆ ಬಂದು ಓದಲು ಕೂತವನು ಇನ್ನೂ ಓದುತ್ತಲೇ ಇದ್ದೇನೆ.

ಇಲ್ಲಿನ ಕನ್ಸರ್ವೇಟಿವ್ ಪಕ್ಷ ಶುರುವಾದದ್ದು 1962ರಲ್ಲಿ, ನಿಮ್ಮ ಸ್ವತಂತ್ರ ಪಕ್ಷದ ವಾರಿಗೆಯದ್ದೇ. ಇದು ನ್ಯೂಯಾರ್ಕ್ ರಾಜ್ಯದ್ದು ಮಾತ್ರ, ಇಡೀ ಅಮೆರಿಕದ್ದಲ್ಲ. ಆಗ ಗವರ್ನರ್ ಆಗಿದ್ದವರು ನೆಲ್ಸನ್ ರಾಕ್‌ಫೆಲರ್. ರಿಪಬ್ಲಿಕನ್ ಆದರೂ ಧಾರಾಳವಾಗಿ ಖರ್ಚು ಮಾಡುವವರು, ಉದಾರವಾದಿ. ಅದು ಸಹಿಸದ ಇಬ್ಬರು ವಕೀಲರು, ಡೇನಿಯಲ್ ಮಹೋನಿ ಮತ್ತು ಕೀರನ್ ಓ'ಡೊಹರ್ಟಿ, ಸೇರಿ ಪಕ್ಷ ಕಟ್ಟಿದರು. ಅವರು ಭಾವ ಭಾಮೈದ. ಗವರ್ನರ್ ಚುನಾವಣೆಯಲ್ಲಿ 50,000 ಮತ ಬಂದರೆ ಮುಂದಿನ ನಾಲ್ಕು ವರ್ಷ ಮತಪತ್ರದಲ್ಲಿ ಪಕ್ಷಕ್ಕೆ ಸ್ವಂತ ಸಾಲು. ಅದನ್ನು ಮೊದಲ ಸಲವೇ ದಾಟಿದರು.

ಇವರು ಎರಡು ರೀತಿ ಕೆಲಸ ಮಾಡುತ್ತಾರೆ. ರಿಪಬ್ಲಿಕನ್ ಅಭ್ಯರ್ಥಿ ಸರಿ ಅನ್ನಿಸಿದರೆ ಅವರನ್ನೇ ತಮ್ಮ ಸಾಲಿನಲ್ಲಿ ನಿಲ್ಲಿಸುತ್ತಾರೆ. ಸರಿ ಇಲ್ಲ ಅನ್ನಿಸಿದರೆ ತಮ್ಮವರನ್ನೇ ನಿಲ್ಲಿಸುತ್ತಾರೆ. 1970ರಲ್ಲಿ ಹಾಗೆ ನಿಲ್ಲಿಸಿದ ಜೇಮ್ಸ್ ಬಕ್ಲಿ ಎರಡೂ ದೊಡ್ಡ ಪಕ್ಷಗಳನ್ನು ಸೋಲಿಸಿ ಸೆನೆಟ್‌ಗೆ ಹೋದರು. 1990ರಲ್ಲಿ ರಿಪಬ್ಲಿಕನ್ನರು ಗವರ್ನರ್ ಸ್ಥಾನಕ್ಕೆ ದುರ್ಬಲ ಅಭ್ಯರ್ಥಿಯನ್ನು ಹಾಕಿದಾಗ ಇವರು ಹರ್ಬರ್ಟ್ ಲಂಡನ್ ಅನ್ನುವವರನ್ನು ನಿಲ್ಲಿಸಿದರು. ರಿಪಬ್ಲಿಕನ್‌ಗೆ ಶೇ. 21, ಇವರಿಗೆ ಶೇ. 20. ದೊಡ್ಡ ಪಕ್ಷ ಮೂರನೇ ಸ್ಥಾನಕ್ಕೆ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು. ನಾಲ್ಕು ವರ್ಷದ ಮೇಲೆ ಜಾರ್ಜ್ ಪಟಾಕಿಯನ್ನು ಇಬ್ಬರೂ ಸೇರಿ ನಿಲ್ಲಿಸಿದರು. ಅವರು ಮಾರಿಯೋ ಕ್ಯೂಮೊ ಅವರನ್ನು ಸೋಲಿಸಿದ ಅಂತರ 2 ಲಕ್ಷಕ್ಕಿಂತ ಕಡಿಮೆ. ಕನ್ಸರ್ವೇಟಿವ್ ಸಾಲಿನಲ್ಲಿ ಬಂದ ಮತ 3 ಲಕ್ಷ 28 ಸಾವಿರ. ಗೆದ್ದವರಿಗೆ ಯಾರಿಂದ ಗೆದ್ದೆ ಅಂತ ಲೆಕ್ಕದಲ್ಲೇ ಕಾಣಿಸುತ್ತದೆ. ಬಜೆಟ್ ಬರೆಯುವಾಗ ಆ ಲೆಕ್ಕ ನೆನಪಿರುತ್ತದೆ.

1988ರಿಂದ 2019ರವರೆಗೆ ಈ ಪಕ್ಷದ ಅಧ್ಯಕ್ಷರಾಗಿದ್ದವರು ಮೈಕಲ್ ಲಾಂಗ್. ಬ್ರೂಕ್ಲಿನ್‌ನಲ್ಲಿ ಅಂಗಡಿ ಇಟ್ಟಿದ್ದವರು. ಕೋಟ್ಯಧೀಶರಲ್ಲ, ರಾಜಮನೆತನದವರಲ್ಲ.

ಈ ಪಕ್ಷದ ಎಲ್ಲ ವಿಚಾರ ನನಗೆ ಒಪ್ಪಿಗೆ ಇಲ್ಲ, ಅದು ಬೇರೆ ಮಾತು. ಆದರೆ ನಿಮ್ಮ ಪ್ರಶ್ನೆಗೆ ಇದೇ ಉತ್ತರ ಅಂತ ನನ್ನ ನಂಬಿಕೆ. ಇಲ್ಲಿ ಸಣ್ಣ ಪಕ್ಷಕ್ಕೆ ಹಾಕಿದ ಓಟು ವ್ಯರ್ಥ ಆಗುವುದಿಲ್ಲ. ನಮ್ಮಲ್ಲಿ ಅಭ್ಯರ್ಥಿಗೆ ಒಂದೇ ಗುರುತು. ನಕ್ಷತ್ರದವರು ಬೇರೆಯವರಿಗೆ ಬೆಂಬಲ ಕೊಟ್ಟರೆ ಆ ಊರಿನಲ್ಲಿ ನಕ್ಷತ್ರವೇ ಕಾಣುವುದಿಲ್ಲ. ತಾವೇ ನಿಂತರೆ ಮತ ಒಡೆದರು ಅನ್ನುವ ಮಾತು.

ಹಾವೇರಿ ಏಲಕ್ಕಿ

ಮತ ಒಡೆದರು ಅನ್ನುವ ಮಾತು ಬಂತಲ್ಲ, ನಮ್ಮೂರಿಂದ ಒಂದು ಸಾಕ್ಷಿ ಹೇಳುತ್ತೇನೆ. 2012ರ ಡಿಸೆಂಬರ್ 9ಕ್ಕೆ ಹಾವೇರಿಯಲ್ಲಿ ಕೆಜೆಪಿ ಸಮಾವೇಶ, ಅಂದರೆ ಯಡಿಯೂರಪ್ಪನವರು ಬಿಜೆಪಿ ಬಿಟ್ಟು ಕಟ್ಟಿದ ಕರ್ನಾಟಕ ಜನತಾ ಪಕ್ಷದ್ದು. ನಾನೂ ಹೋಗಿದ್ದೆ. ಊರಿಗೆ ಊರೇ ಟ್ರ್ಯಾಕ್ಟರು ಹತ್ತಿ ಬಂದಿತ್ತು. ಬಿಸಿಲು ಏರಿದರೂ ಒಬ್ಬರೂ ಎದ್ದು ಹೋಗಲಿಲ್ಲ. ಯಡಿಯೂರಪ್ಪನವರು ರೈತರ ಮಾತು ಎತ್ತಿದಾಗ ನನ್ನ ಪಕ್ಕದಲ್ಲಿದ್ದ ಹಿರಿಯರು ಟವೆಲಿನಲ್ಲಿ ಕಣ್ಣು ಒರೆಸಿಕೊಂಡರು.

2013ರ ಫಲಿತಾಂಶ ನೋಡಿ. ಕೆಜೆಪಿಯ ತೆಂಗಿನಕಾಯಿ ಗುರುತಿಗೆ ಬಂದದ್ದು ಶೇ. 9.8 ಮತ, ಸೀಟು 6. ಬಿಜೆಪಿ ಶೇ. 20ರ ಹತ್ತಿರ ಬಂದು 40ಕ್ಕೆ ನಿಂತಿತು. ಕಾಂಗ್ರೆಸ್ ಶೇ. 36 ಚಿಲ್ಲರೆ ಮತ ಪಡೆದು 122 ಸೀಟು. 2014ರ ಜನವರಿಗೆ ಕೆಜೆಪಿ ಇರಲೇ ಇಲ್ಲ, ಬಿಜೆಪಿಯಲ್ಲಿ ಸೇರಿಹೋಯಿತು. ಗಂಗಾವತಿಯಲ್ಲಿ ಗೆದ್ದ ಜನಾರ್ದನ ರೆಡ್ಡಿಯವರ ಕಲ್ಯಾಣ ರಾಜ್ಯ ಪ್ರಗತಿ ಪಕ್ಷದ್ದೂ ಅದೇ ದಾರಿ. 2023ರಲ್ಲಿ ಒಂದು ಸೀಟು, 2024ರ ಮಾರ್ಚ್‌ನಲ್ಲಿ ವಿಲೀನ.

ಸ್ವತಂತ್ರ ಪಕ್ಷಕ್ಕೆ ಇವನ್ನು ಹೋಲಿಸುವುದು ಸರಿಯಲ್ಲ ಅಂತ ಗೊತ್ತು. ಅದು ವಿಚಾರದ ಪಕ್ಷ, ಇವು ಒಬ್ಬೊಬ್ಬ ನಾಯಕರ ಹಿಂದೆ ನಿಂತ ಪಕ್ಷಗಳು. ಆದರೆ ಕೊನೆಗೆ ಇಬ್ಬರಿಗೂ ತೆರೆದಿದ್ದ ಬಾಗಿಲು ಒಂದೇ, ದೊಡ್ಡ ಪಕ್ಷದೊಳಗೆ ಹೋಗುವುದು.

ಲೆಕ್ಕದ ಮೇಷ್ಟ್ರು

ಆ ಬಾಗಿಲಿನ ಮುಂದಿನ ಕತೆ ನನ್ನನ್ನು ಬಹಳ ಕಾಡುತ್ತದೆ. 1971ರಲ್ಲಿ ಸ್ವತಂತ್ರ ಪಕ್ಷ ಸಂಸ್ಥಾ ಕಾಂಗ್ರೆಸ್ (ಕಾಂಗ್ರೆಸ್ಸಿನ ಇಂದಿರಾ ವಿರೋಧಿ ಬಣ), ಜನಸಂಘ, ಸಂಯುಕ್ತ ಸೋಷಲಿಸ್ಟರ ಜೊತೆ ಮಹಾಮೈತ್ರಿ ಮಾಡಿಕೊಂಡಿತು. ನಾಲ್ಕು ದಿಕ್ಕಿಗೆ ಮುಖ ಮಾಡಿದ ನಾಲ್ಕು ಪಕ್ಷ. ಸೋತ ಮೇಲೆ, ಅಷ್ಟರಲ್ಲಿ ಪಕ್ಷದ ಅಧ್ಯಕ್ಷರಾಗಿದ್ದ ಮಸಾನಿ ಆ ಸ್ಥಾನ ಬಿಟ್ಟರು. 1972ರ ಡಿಸೆಂಬರ್ 25ರಂದು ರಾಜಾಜಿ ತೀರಿಕೊಂಡರು. 1974ರಲ್ಲಿ ಪಕ್ಷ ಚರಣ್ ಸಿಂಗರ ಭಾರತೀಯ ಲೋಕದಳದಲ್ಲಿ ಕರಗಿತು. ಅದು ಮುಂದೆ ಜನತಾ ಪಕ್ಷದಲ್ಲಿ ಕರಗಿತು.

ಆಮೇಲೆ ಏನಾಯಿತು ಗೊತ್ತಾ? 1978ರಲ್ಲಿ ಜನತಾ ಸರ್ಕಾರವೇ 44ನೇ ತಿದ್ದುಪಡಿ ತಂದು ಆಸ್ತಿ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆಯಿತು. ಯಾವ ಹಕ್ಕಿಗಾಗಿ ಪಕ್ಷ ಹುಟ್ಟಿತೋ, 1964ರಲ್ಲಿ 17ನೇ ತಿದ್ದುಪಡಿಯ ವಿರುದ್ಧ ಸಂಸತ್ತಿನಲ್ಲಿ ಹೋರಾಡಿತೋ, ಅದೇ ಹಕ್ಕು. ಹಳೇ ನಕ್ಷತ್ರದವರು ಒಳಗಿದ್ದ ಪಕ್ಷದ ಕೈಯಿಂದಲೇ ಅದು ಹೋಯಿತು. ಕರಗುವುದು ಅಂದರೆ ಇದೇ.

ಇನ್ನೊಂದು ಬೀಗವೂ ಇದೆ. ಜನಪ್ರಾತಿನಿಧ್ಯ ಕಾಯ್ದೆಯ 29ಎ ಕಲಮು. 1989ರಿಂದ ಯಾವ ಪಕ್ಷ ನೋಂದಣಿ ಆಗಬೇಕಾದರೂ ಸಮಾಜವಾದಕ್ಕೆ ನಿಷ್ಠೆ ಇದೆ ಅಂತ ತನ್ನ ನಿಯಮಾವಳಿಯಲ್ಲಿ ಬರೆದುಕೊಡಬೇಕು. ಸ್ವತಂತ್ರ ಪಕ್ಷವನ್ನು ಇವತ್ತು ಯಾರಾದರೂ ಮತ್ತೆ ಕಟ್ಟಬೇಕೆಂದರೆ ಮೊದಲ ಹೆಜ್ಜೆಯಲ್ಲೇ ತಮ್ಮ ನಂಬಿಕೆಗೆ ವಿರುದ್ಧವಾಗಿ ಸಹಿ ಹಾಕಬೇಕು. ಸಮಾಜವಾದಿಗಳಿಗೂ ಇದು ಅನ್ಯಾಯ ಅಂತ ಕಾಣಬೇಕು ಅನ್ನುತ್ತೇನೆ.

ಕರಾವಳಿ ಅಕ್ಕ

ಮೇಷ್ಟ್ರೇ, 29ಎ ವಿಷಯದಲ್ಲಿ ನಾನು ನಿಮ್ಮ ಜೊತೆ. ನನಗೆ ಬೇಡದ ಪಕ್ಷವೇ ಆದರೂ ಸುಳ್ಳು ಬರೆಸಿ ಒಳಗೆ ಬಿಡುವುದು ಸರಿಯಲ್ಲ.

ಕ್ವೀನ್ಸ್ ಅಣ್ಣನಿಗೆ ಒಂದು ಪ್ರಶ್ನೆ. ಎರಡು ಸಾಲಿನ ವ್ಯವಸ್ಥೆ ಕೇಳಲು ಚಂದ. ಆದರೆ ಅದರಲ್ಲಿ ವ್ಯಾಪಾರ ನಡೆಯುವುದಿಲ್ಲವಾ? ನಮ್ಮ ಸಾಲು ಕೊಡುತ್ತೇವೆ, ನಮ್ಮವರಿಗೆ ಕೆಲಸ ಕೊಡಿ ಅಂತ?

ಕ್ವೀನ್ಸ್ ಕನ್ನಡಿಗ

ನಡೆಯುತ್ತದೆ ಅಕ್ಕ, ಮುಚ್ಚಿಡುವುದಿಲ್ಲ. ಇಲ್ಲಿ ಲಿಬರಲ್ ಪಕ್ಷ ಅಂತ ಒಂದಿತ್ತು, 1944ರದ್ದು. ಕೊನೆಕೊನೆಗೆ ಹುದ್ದೆ ಹಂಚಿಕೆಯ ಪಕ್ಷ ಅಂತಲೇ ಹೆಸರಾಯಿತು. 2002ರಲ್ಲಿ 50,000 ಮತ ಬರಲಿಲ್ಲ, ಸಾಲು ಹೋಯಿತು. ಅಂದರೆ ಜನಕ್ಕೆ ಬೇಡವಾದಾಗ ಅಳಿಸುವ ದಾರಿಯೂ ಅದರಲ್ಲೇ ಇದೆ. 2020ರಲ್ಲಿ ನಿಯಮ ಬಿಗಿ ಮಾಡಿದರು. ಈಗ 1 ಲಕ್ಷ 30 ಸಾವಿರ ಮತ ಅಥವಾ ಶೇ. 2, ಯಾವುದು ಜಾಸ್ತಿಯೋ ಅದು, ಅದೂ ಎರಡು ವರ್ಷಕ್ಕೊಮ್ಮೆ. ಹಲವು ಸಣ್ಣ ಪಕ್ಷ ಬಿದ್ದುಹೋದವು. ಕನ್ಸರ್ವೇಟಿವ್ ಮತ್ತು ವರ್ಕಿಂಗ್ ಫ್ಯಾಮಿಲೀಸ್ ಉಳಿದವು. ಒಂದು ಬಲಕ್ಕೆ, ಒಂದು ಎಡಕ್ಕೆ. ನಿಮ್ಮ ಅಜ್ಜನ ಪರ ಮಾತಾಡುವ ಸಣ್ಣ ಪಕ್ಷಕ್ಕೂ ಅಲ್ಲಿ ಒಂದು ಸಾಲು ಇರುತ್ತಿತ್ತು ಅನ್ನುವುದನ್ನು ಮರೆಯಬೇಡಿ.

ಸಕಲೇಶಪುರದ ಮಳೆ

ಅಕ್ಕ, ಒಂದು ಮಾತು. ನಮ್ಮ ತಾತನ ತೋಟದಲ್ಲಿ ಲೈನ್ ಮನೆಗಳಲ್ಲಿ ಇದ್ದವರ ಬಗ್ಗೆ ನಾನು ಏನೂ ಬರೆಯಲಿಲ್ಲ. ಬರೆಯಬೇಕಿತ್ತು. ಪೂಲ್ ಹೋದ ವರ್ಷ ಅವರ ಕೂಲಿ ಎಷ್ಟು ಏರಿತು ಅಂತ ಅಮ್ಮನನ್ನು ಕೇಳಿದೆ. ಆ ವರ್ಷ ಏರಲಿಲ್ಲವಂತೆ.

ಜಗಳೂರು ಬಸ್ಸು

ಎಲ್ಲರಿಗೂ ನಮಸ್ಕಾರ. ಈ ಚರ್ಚೆಯನ್ನು ಪ್ರಿಂಟ್ ತೆಗೆಸಿ ಅಪ್ಪನಿಗೆ ಓದಿ ಹೇಳಿದೆ. ಅಕ್ಕ ಬರೆದದ್ದು ಬಂದಾಗ ನಿಲ್ಲಿಸಲು ಹೇಳಿ, ಇನ್ನೊಂದು ಸಲ ಓದು ಅಂದರು.

ಆಮೇಲೆ ಒಂದು ವಿಷಯ ಹೇಳಿದರು, ನನಗೆ ಇದುವರೆಗೂ ಗೊತ್ತಿರಲಿಲ್ಲ. 1972ರಲ್ಲಿ ನಕ್ಷತ್ರ ನಮ್ಮ ಕಡೆ ಮುಳುಗಿದ ಮೇಲೂ ಅಜ್ಜ ಬೇರೆ ಪಕ್ಷಕ್ಕೆ ಓಟು ಹಾಕಲಿಲ್ಲವಂತೆ. ಚುನಾವಣೆ ದಿನ ಎಲ್ಲರಿಗಿಂತ ಮೊದಲು ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ಬೂತಿಗೆ ಹೋಗುವರು. ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುವರು. ಮತಪತ್ರವನ್ನು ಹಾಗೇ ಮಡಿಸಿ, ಯಾವ ಗುರುತಿಗೂ ಮುದ್ರೆ ಒತ್ತದೆ ಪೆಟ್ಟಿಗೆಗೆ ಹಾಕಿ ಬರುವರು. ಅಜ್ಜಿಗೆ ಮಾತ್ರ ಹೇಳಿದ್ದರಂತೆ.

ಆ 16 ವಿಧಾನಸಭಾ ಕ್ಷೇತ್ರಗಳ ಪಟ್ಟಿ ಮಾಡೋಣ ಅಂತಿದ್ದೇನೆ. ಯಾವ ಊರು, ಯಾರು ನಿಂತಿದ್ದರು, ಯಾಕೆ ಹಾಕಿದರು, ಯಾಕೆ ಬಿಟ್ಟರು. ಪಹಣಿಯಲ್ಲಿ ಹೆಸರಿದ್ದವರನ್ನೂ ಇಲ್ಲದವರನ್ನೂ ಕೇಳಿ ಬರೆಯಬೇಕು. ಮನೆಯಲ್ಲಿ 80 ದಾಟಿದವರು ಯಾರಾದರೂ ಇದ್ದರೆ ಈ ಭಾನುವಾರವೇ ಕೇಳಿ. ಮೇಷ್ಟ್ರೇ, ಹಾಸನ ಮತ್ತು ಬಿಜಾಪುರದ ಕಡೆಯದ್ದು ನೀವು ನೋಡಿಕೊಳ್ಳುತ್ತೀರಾ? ಅಕ್ಕ, ಉಡುಪಿ ನಿಮಗೆ. ಚಿತ್ರದುರ್ಗ ನಾನು ಮಾಡುತ್ತೇನೆ. ರಾಯಚೂರಿನವರು ಇನ್ನೂ ಯಾರೂ ಬಂದಿಲ್ಲ.

ಬಿಸಿಲು ನಾಡು

ನಾನು ರಾಯಚೂರು. ನಮ್ಮ ಮುತ್ಯಾಗೆ ಈಗ 88. ಆ ಚುನಾವಣೆ ನೆನಪಿದೆ ಅನ್ನುತ್ತಾರೆ. ಸಂಜೆ ಫೋನಿನಲ್ಲಿ ರೆಕಾರ್ಡ್ ಮಾಡಿ ಹಾಕುತ್ತೇನೆ.